ರೇಷ್ಮೆ ಹುಳುವಿನ ಹಾಲುತೊಂಡೆ ರೋಗ: ವಿಷಾಣುವು ಹುಳುವಿನ ದೇಹರಕ್ಷಣೆಯನ್ನು ಮುರಿಯುವ ಬಗೆಯೂ ರೈತರು ವಹಿಸತಕ್ಕ ಎಚ್ಚರಿಕೆಯೂ

ಪೀಠಿಕೆ

ಮೈಸೂರು ಸೀಮೆಯಲ್ಲಿ ರೇಷ್ಮೆಯ ಕಸುಬು ಟೀಪೂ ಸುಲ್ತಾನನ ಕಾಲದಲ್ಲಿ ಬೇರೂರಿತು. ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ, 1912ನೆಯ ಇಸವಿಯಲ್ಲಿ, ಮೈಸೂರು ನಗರದಲ್ಲಿ ರೇಷ್ಮೆ ಬಟ್ಟೆಯ ಕಾರ್ಖಾನೆಯು ಸ್ಥಾಪಿತವಾಯಿತು. ಅದೇ ನಗರದ ಶ್ರೀರಾಮಪುರದಲ್ಲಿರುವ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಲ್ಲಿ ಹುಳುವಿನ ತಳಿ, ಹಿಪ್ಪುನೇರಳೆಯ ತಳಿ ಮತ್ತು ಹುಳುವಿಗೆ ತಗಲುವ ರೋಗಗಳ ವಿಷಯವಾಗಿ ಪರಿಶೋಧನೆಗಳು ನಡೆಯುತ್ತವೆ. ಟಿ. ನರಸೀಪುರ, ಕೊಳ್ಳೇಗಾಲ, ಮಳವಳ್ಳಿ, ಕನಕಪುರ, ರಾಮನಗರ, ಶಿಡ್ಲಘಟ್ಟ ಮೊದಲಾದ ಕಡೆಗಳಲ್ಲಿ ಅನೇಕ ಸಂಸಾರಗಳು ಈ ಕಸುಬನ್ನೇ ನಂಬಿ ಬಾಳುತ್ತವೆ.

ರೇಷ್ಮೆ ಹುಳುವಿಗೆ ಬರುವ ಮುಖ್ಯ ರೋಗಗಳು ನಾಲ್ಕು: ಗಂಟು ರೋಗ, ಸುಣ್ಣಕಟ್ಟು ರೋಗ, ಸಪ್ಪೆ ರೋಗ, ಹಾಲುತೊಂಡೆ ರೋಗ. ಇವುಗಳ ಪೈಕಿ ಹಾಲುತೊಂಡೆಯು ರೈತನ ಕೈಯಿಂದ ಬೆಳೆಯನ್ನು ಕಸಿಯುವ ವೇಳೆಯು ಬಹಳ ಕ್ರೂರವಾದದ್ದು. 100 ಮೊಟ್ಟೆ ಸಾಕಿದ ಮನೆಯಲ್ಲಿ ಸುಮಾರು ನಲವತ್ತರಿಂದ ಐವತ್ತು ಸಾವಿರ ಹುಳುಗಳಿರುತ್ತವೆ. ಹುಳುವು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚನ್ನು ಐದನೆಯ ಹಂತವೊಂದರಲ್ಲಿಯೇ ತಿನ್ನುತ್ತದೆ. ಹಾಲುತೊಂಡೆಯು ಎಳೆಯ ಹುಳುವಿನಲ್ಲಿಯೂ ಕಾಣಬಹುದಾದರೂ, ಅನೇಕ ವೇಳೆ ಈ ಐದನೆಯ ಹಂತದಲ್ಲಿ, ಎಂದರೆ ತೋಟದ ಸೊಪ್ಪೂ ಕೂಲಿಯ ಹಣವೂ ತೀರಿ, ಚಂದ್ರಿಕೆಗಳನ್ನು ಸಿದ್ಧಪಡಿಸುವ ಸಮಯದಲ್ಲಿ, ಬಯಲಿಗೆ ಬರುತ್ತದೆ. ಗೂಡಿನ ಹಣವನ್ನು ನೆಚ್ಚಿ ಸಾಲ ತಂದ ಸಂಸಾರಕ್ಕೆ ಇದರಿಂದಾಗುವ ಕಷ್ಟವನ್ನು ವಿವರಿಸಬೇಕಾದುದಿಲ್ಲ.

ಇಂಥ ವೇಳೆಯಲ್ಲಿ ರೈತರು ಕೇಳುವ ಪ್ರಶ್ನೆಯು ಒಂದೇ: “ಇದಕ್ಕೆ ಔಷಧಿ ಯಾವುದು?” ರೋಗವು ಕಾಣಿಸಿಕೊಂಡ ಹುಳುವನ್ನು ಬದುಕಿಸುವ ಔಷಧಿಯು ಇಲ್ಲವೆಂಬುದೇ ಇದಕ್ಕೆ ಸತ್ಯವಾದ ಉತ್ತರ. ಏತಕ್ಕೆ ಇಲ್ಲವೆಂಬುದನ್ನು ತಿಳಿದವನಿಗೆ ರೋಗವನ್ನು ಮನೆಯ ಹೊಸ್ತಿಲಲ್ಲಿಯೇ ತಡೆಯುವ ದಾರಿಯೂ ತಾನಾಗಿ ತಿಳಿಯುವುದು. ಆ ಕಾರಣವನ್ನು ವಿವರಿಸುವುದೇ ಈ ಪತ್ರಿಕೆಯ ಉದ್ದೇಶ.

ರೋಗದ ಗುರುತುಗಳು

ರೋಗ ತಗಲಿದ ಹುಳುವಿನ ಚರ್ಮವು ಬಿಗಿದು ಎಣ್ಣೆ ಸವರಿದಂತೆ ಹೊಳೆಯುತ್ತದೆ. ಮೈಯ ಗೆಣ್ಣುಗಳು ಊದಿಕೊಳ್ಳುತ್ತವೆ. ಜೊತೆಯ ಹುಳುಗಳು ಜ್ವರಕ್ಕೆ ಕೂತರೂ ಈ ಹುಳುವು ಕೂರದೆ ಹಾಸಿಗೆಯ ಮೇಲೆಯೇ ಅಲೆಯುತ್ತಿರುತ್ತದೆ. ಸೊಪ್ಪನ್ನು ಬಿಟ್ಟು ತಟ್ಟೆಯ ಅಂಚಿಗೆ ಹತ್ತಿ ಸುತ್ತುತ್ತದೆ. ಕಾಲನ್ನು ಮುಟ್ಟಿದರೆ ಚರ್ಮವು ಒಡೆದು ಹಾಲಿನಂಥ ಬಿಳಿಯ ರಸವು ಸುರಿಯುತ್ತದೆ. ರೋಗಕ್ಕೆ ಹೆಸರು ಬಂದದ್ದು ಈ ರಸದಿಂದಲೇ. ವಿಷಾಣುವು ಹೊಟ್ಟೆಗೆ ಹೋದ ಮೇಲೆ ಸಾಧಾರಣವಾಗಿ ಐದರಿಂದ ಏಳು ದಿವಸಗಳಲ್ಲಿ ಹುಳುವು ಸಾಯುತ್ತದೆ. ಎಳೆಯ ಹುಳುವು ಇನ್ನೂ ಬೇಗ ಸಾಯುತ್ತದೆ. ಆದುದರಿಂದ ಇಂದು ಕಂಡ ರೋಗವು ಇಂದು ಬಂದದ್ದಲ್ಲ. ಹಿಂದಿನ ಜ್ವರದ ಸುಮಾರಿನಲ್ಲಿ ಹೊಟ್ಟೆಗೆ ಸೇರಿದ್ದು ಇಂದು ಕಣ್ಣಿಗೆ ಬಿದ್ದಿತೆಂದು ತಿಳಿಯತಕ್ಕದ್ದು.

ವಿಷಾಣುವೆಂದರೇನು

ಗೋಡೆಗೆ ಇಟ್ಟಿಗೆಗಳು ಹೇಗೋ, ದೇಹಕ್ಕೆ ಜೀವಕೋಶಗಳು ಹಾಗೆ. ವಿಷಾಣು ಅಥವಾ ವೈರಸ್ ಎಂಬುದು ಜೀವಕೋಶಕ್ಕಿಂತಲೂ ಎಷ್ಟೋ ಪಾಲು ಚಿಕ್ಕದು. ಅದಕ್ಕೆ ಸ್ವಂತ ಬಾಯಿಲ್ಲ, ಉಸಿರಿಲ್ಲ. ಮತ್ತೊಂದು ಪ್ರಾಣಿಯ ಜೀವಕೋಶದೊಳಗೆ ಹೊಕ್ಕು ಆ ಕೋಶದ ದುಡಿಮೆಯನ್ನೇ ತನ್ನ ಸಂತಾನವೃದ್ಧಿಗೆ ತಿರುಗಿಸಿಕೊಳ್ಳುವುದಲ್ಲದೆ ಬೇರೆ ರೀತಿಯಲ್ಲಿ ಅದು ಹೆಚ್ಚಲಾರದು.

ಹಾಲುತೊಂಡೆಯ ವಿಷಾಣುವು ಹೊರಗೆ ಇರುವಾಗ ಬರಿಮೈಯಲ್ಲಿರುವುದಿಲ್ಲ. ಅನೇಕ ವಿಷಾಣುಗಳು ಒಂದಾಗಿ ಒಂದು ಗಟ್ಟಿಯಾದ ಹರಳಿನೊಳಗೆ ಹುದುಗಿಕೊಂಡಿರುತ್ತವೆ. ಹರಳಿನ ಅಗಲವು ಒಂದು ಮಿಲಿಮೀಟರಿನ 1000 ಪಾಲುಗಳಲ್ಲಿ ಕೆಲವೇ ಪಾಲು. ಬರಿಗಣ್ಣಿಗೆ ಕಾಣದಿದ್ದರೂ ಸೂಕ್ಷ್ಮದರ್ಶಕದಲ್ಲಿ ಚೆನ್ನಾಗಿ ಕಾಣುತ್ತದೆ. ಬಿತ್ತನೆಯ ಕಾಳು ಸಿಪ್ಪೆಯೊಳಗೆ ಬಹುಕಾಲ ಕೆಡದೆ ಇರುವಂತೆ, ಈ ಹರಳಿನೊಳಗಿನ ವಿಷಾಣುವು ಬಿಸಿಲು ತಾಗದ ಧೂಳಿನಲ್ಲಿ, ಗೋಡೆಯ ಬಿರುಕಿನಲ್ಲಿ, ತಟ್ಟೆಯ ಹೆಣಿಗೆಯ ಸಂದಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಸತ್ತ ಒಂದೇ ಹುಳುವಿನ ಮೈಯಲ್ಲಿ ಇಂಥ ಹರಳುಗಳು ಕೋಟಿಗಟ್ಟಲೆ ಇರುತ್ತವೆ. ಹುಳುವಿನಿಂದ ಸುರಿಯುವ ರಸವು ಹಾಲಿನಂತೆ ಬೆಳ್ಳಗೆ ಕಾಣುವುದಕ್ಕೆ ಈ ಹರಳುಗಳೇ ಕಾರಣ.

ಹುಳುವಿಗೆ ಇರುವ ಸಹಜ ರಕ್ಷಣೆಗಳು

ರೇಷ್ಮೆ ಹುಳುವು ಮೃದುವಾದ ಪ್ರಾಣಿಯಾದರೂ ನಿರಾಯುಧವಾದದ್ದಲ್ಲ. ಕೋಟೆಗೆ ಸುತ್ತುಸುತ್ತಾಗಿ ಗೋಡೆಗಳಿರುವಂತೆ ಅದರ ದೇಹದಲ್ಲಿ ಐದು ಬಗೆಯ ಕಾವಲುಗಳಿವೆ.

ಮೊದಲನೆಯದು ಚರ್ಮ. ಗಾಯವಿಲ್ಲದ ಚರ್ಮವನ್ನು ಈ ವಿಷಾಣುವು ದಾಟಲಾರದು.

ಎರಡನೆಯದು ಕರುಳು. ಕರುಳಿನ ಒಳಮೈಗೆ ತೆಳುವಾದ ಪೊರೆಯೊಂದು ಹಾಸಿರುತ್ತದೆ. ಹುಳುವಿನ ಜೀರ್ಣರಸದಲ್ಲಿ ಈ ವಿಷಾಣುವನ್ನು ಕೆಡಿಸುವ ವಸ್ತುಗಳೂ ಉಂಟು. ಅವುಗಳಲ್ಲಿ ಕೊಬ್ಬನ್ನು ಕರಗಿಸುವ ಒಂದು ಕಿಣ್ವಕ್ಕೆ ಆ ಗುಣವಿರುವುದು 2003ರಲ್ಲಿ ಪ್ರಕಟವಾಯಿತು. ಇದಲ್ಲದೆ, ರೋಗ ಹೊಕ್ಕ ಕರುಳಿನ ಕೋಶಗಳು ಉದುರಿ ಅವುಗಳ ಜಾಗದಲ್ಲಿ ಹೊಸ ಕೋಶಗಳು ಬೆಳೆಯುವುದೂ ಉಂಟು.

ಮೂರನೆಯದು ರಕ್ತ. ಹುಳುವಿನ ರಕ್ತದಲ್ಲಿ ತಿರುಗುವ ಕೋಶಗಳು ಪರಕೀಯ ವಸ್ತುವನ್ನು ಕಂಡರೆ ನುಂಗುತ್ತವೆ; ನುಂಗಲಾರದಷ್ಟು ದೊಡ್ಡದಾದರೆ ಸುತ್ತುಗಟ್ಟಿ ಉಸಿರು ಕಟ್ಟಿಸುತ್ತವೆ. ಆರೋಗ್ಯವಾದ ಹುಳುವಿನ ರಕ್ತವು ಗಾಳಿಗೆ ಸೋಕಿದ ಸ್ವಲ್ಪ ಹೊತ್ತಿನಲ್ಲಿ ಕಪ್ಪಾಗುವುದನ್ನು ರೈತರು ನೋಡಿರಬಹುದು. ಹೀಗೆ ಕಪ್ಪುಗಟ್ಟುವುದೂ ಒಂದು ಕಾವಲೇ. ಅದರಿಂದ ಗಾಯವು ಮುಚ್ಚುವುದಲ್ಲದೆ ಹೊಕ್ಕ ಶತ್ರುವಿಗೆ ವಿಷವೂ ಆಗುತ್ತದೆ.

ನಾಲ್ಕನೆಯದು ಜೀವಕೋಶದ ಆತ್ಮಾಹುತಿ. ಬಣವೆಗಳ ಸಾಲಿನಲ್ಲಿ ಒಂದಕ್ಕೆ ಬೆಂಕಿ ಬಿದ್ದರೆ ಪಕ್ಕದ ಬಣವೆಯನ್ನು ಕಿತ್ತೆಸೆದು ಉಳಿದವನ್ನು ಕಾಪಾಡುವುದು ಊರಿನ ವಾಡಿಕೆ. ಅದೇ ರೀತಿಯಾಗಿ ವಿಷಾಣು ಹೊಕ್ಕ ಕೋಶವು ತನ್ನನ್ನು ತಾನೇ ತುಂಡರಿಸಿಕೊಂಡು ಸಾಯುತ್ತದೆ. ಕೋಶ ಬೇಗ ಸತ್ತರೆ ವಿಷಾಣುವಿಗೆ ಹೆಚ್ಚಲು ಮನೆಯಿಲ್ಲದಂತಾಗುತ್ತದೆ.

ಐದನೆಯದು ಕೋಶದೊಳಗಿನ ಸಣ್ಣ ಆಜ್ಞಾಪತ್ರಗಳು. ಆರ್.ಎನ್.ಎ. ಎಂಬ ವಸ್ತುವಿನ ಅತಿ ಚಿಕ್ಕ ತುಂಡುಗಳು ಯಾವ ಕೆಲಸ ನಡೆಯಬೇಕು, ಯಾವುದು ನಿಲ್ಲಬೇಕು ಎಂದು ಕೋಶದೊಳಗೆ ಗೊತ್ತುಮಾಡುತ್ತವೆ. ಪರಕೀಯವಾದ ಬರಹ ಕಂಡರೆ ಅದನ್ನು ಕತ್ತರಿಸಿಹಾಕುವ ಏರ್ಪಾಡೂ ಕೋಶದಲ್ಲಿದೆ.

ವಿಷಾಣುವು ಈ ಕಾವಲುಗಳನ್ನು ಮುರಿಯುವ ಬಗೆ

ಇಷ್ಟು ಕಾವಲುಗಳಿದ್ದರೂ ಹುಳುವು ಸೋಲುವುದೇಕೆಂದರೆ, ವಿಷಾಣುವು ಪ್ರತಿಯೊಂದು ಬಾಗಿಲಿಗೂ ಒಂದೊಂದು ಕಳ್ಳಕೀಲಿಯನ್ನು ಹೊತ್ತು ಬರುತ್ತದೆ.

ಅದು ಚರ್ಮದ ಗೊಡವೆಗೆ ಹೋಗದೆ, ಬಹುಪಾಲು ಸೊಪ್ಪಿನೊಡನೆ ಬಾಯಿಯ ಮೂಲಕ ಒಳಗೆ ಬರುತ್ತದೆ. ಹುಳುವಿನ ಜೀರ್ಣರಸವು ಸುಣ್ಣದ ತಿಳಿಯಂತೆ ತೀಕ್ಷ್ಣವಾದ ಕ್ಷಾರ. ನೀರಿಗೂ ಕಾಲಕ್ಕೂ ಬಗ್ಗದ ಹರಳು ಈ ಕ್ಷಾರದಲ್ಲಿ ಕರಗಿಹೋಗುತ್ತದೆ. ಹೀಗೆ ಸೊಪ್ಪನ್ನು ಅರಗಿಸುವ ರಸವೇ ಶತ್ರುವಿನ ಗಂಟನ್ನು ಬಿಚ್ಚುತ್ತದೆ. ಬಿಡುಗಡೆಯಾದ ವಿಷಾಣುವು ಕರುಳಿನ ಕೋಶಗಳನ್ನು ಹೊಕ್ಕು, ಆ ಕೋಶಗಳು ಉದುರುವ ಮೊದಲೇ ಉಸಿರುನಾಳಗಳ ಕೋಶಗಳಿಗೂ ರಕ್ತಕ್ಕೂ ದಾಟಲು ಹವಣಿಸುತ್ತದೆ. ರಕ್ತಕ್ಕೆ ಸೇರಿದ ಮೇಲೆ ಕಾವಲುಗಾರರಾದ ರಕ್ತಕೋಶಗಳನ್ನೇ ಹೊಕ್ಕು ಅವುಗಳಲ್ಲಿಯೂ ವೃದ್ಧಿಯಾಗುತ್ತದೆ. ರಕ್ತವು ಕಪ್ಪುಗಟ್ಟುವುದನ್ನೂ ಇಂಥ ವಿಷಾಣುಗಳು ಕುಂದಿಸಬಲ್ಲವು. ತೊಗರಿಯ ಕಾಯಿಕೊರಕ ಹುಳುವಿನಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಪರಿಶೋಧನೆಯಲ್ಲಿ, ಕಪ್ಪುಗಟ್ಟುವಿಕೆಗೆ ಕಡಿವಾಣ ಹಾಕಲೆಂದು ಹುಳುವಿನ ದೇಹದಲ್ಲಿಯೇ ಇರುವ ವಸ್ತುಗಳನ್ನು ವಿಷಾಣುವು ತನ್ನ ಅನುಕೂಲಕ್ಕೆ ಹೆಚ್ಚಿಸಿಕೊಳ್ಳುವುದು ಕಂಡುಬಂದಿತು.

ಕೋಶದ ಆತ್ಮಾಹುತಿಯನ್ನು ತಡೆಯುವ ಉಪಾಯವು ಎಲ್ಲಕ್ಕಿಂತಲೂ ಆಶ್ಚರ್ಯಕರವಾದದ್ದು. 1991ರಲ್ಲಿ ಅಮೆರಿಕಾದ ಜಾರ್ಜಿಯಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು, ಹಾಲುತೊಂಡೆಯ ವಿಷಾಣುವಿಗೆ ದಾಯಾದಿಯಾದ ಮತ್ತೊಂದು ಕಂಬಳಿಹುಳುವಿನ ವಿಷಾಣುವಿನಲ್ಲಿ ಪಿ-35 ಎಂಬ ವಸ್ತುವನ್ನು ಗುರುತಿಸಿದರು. ಕೋಶವು ತನ್ನನ್ನು ತುಂಡರಿಸಿಕೊಳ್ಳಲು ಬಳಸುವ ಕತ್ತರಿಗಳಿಗೆ ಈ ವಸ್ತುವು ಸಿಕ್ಕಿಹಾಕಿಕೊಂಡು ಅವುಗಳ ಬಾಯಿ ಮುಚ್ಚದಂತೆ ಮಾಡುತ್ತದೆ. ಅದೇ ಬಗೆಯ ವಸ್ತುವು ರೇಷ್ಮೆ ಹುಳುವಿನ ವಿಷಾಣುವಿನಲ್ಲಿಯೂ ಇರುವುದು ಎರಡು ವರ್ಷಗಳ ಮೇಲೆ ತಿಳಿದುಬಂದಿತು. ಸಾಯಬೇಕಾಗಿದ್ದ ಕೋಶವು ಹೀಗೆ ಸಾಯದೆ ಉಳಿದು, ಶತ್ರುವಿನ ಸಂತಾನಕ್ಕೆ ಅನ್ನವಿಕ್ಕುತ್ತದೆ.

ಆಜ್ಞಾಪತ್ರಗಳ ವಿಷಯದಲ್ಲಿ ಮುಖ್ಯವಾದ ಶೋಧವು ಭಾರತದಲ್ಲಿಯೇ ನಡೆಯಿತು. ಹೈದರಾಬಾದಿನ ಡಿ.ಎನ್.ಎ. ಬೆರಳಚ್ಚು ಮತ್ತು ರೋಗನಿದಾನ ಕೇಂದ್ರದಲ್ಲಿ ರೇಷ್ಮೆ ಹುಳುವಿನ ವಂಶಶಾಸ್ತ್ರಜ್ಞರಾದ ಜವರೇಗೌಡ ನಾಗರಾಜು ಅವರೂ ಸಹೋದ್ಯೋಗಿಗಳೂ, ಈ ವಿಷಾಣುವು ತಾನೂ ಒಂದು ಚಿಕ್ಕ ಆರ್.ಎನ್.ಎ. ತುಂಡನ್ನು ತಯಾರಿಸುವುದನ್ನು 2012ರಲ್ಲಿ ವಿವರಿಸಿದರು. ಹುಳುವಿನ ಆಜ್ಞಾಪತ್ರಗಳು ಕೋಶದ ನಡುಮನೆಯಿಂದ ಹೊರಗೆ ಬರಬೇಕಾದರೆ ಅವನ್ನು ಸಾಗಿಸುವ ವಸ್ತುಗಳು ಬೇಕು. ವಿಷಾಣುವಿನ ತುಂಡು ಆ ಸಾಗಣೆಗೆ ನೆರವಾಗುವ ವಸ್ತುವನ್ನೇ ಕಡಿಮೆ ಮಾಡುತ್ತದೆ. ಟಪಾಲಿನವನನ್ನು ದಾರಿಯಲ್ಲಿ ತಡೆದರೆ ಹುಕುಮು ಹಳ್ಳಿಗೆ ತಲಪದಿರುವಂತೆ, ಕೋಶದೊಳಗೆ ಹುಳುವಿನ ಆಡಳಿತವು ಸಡಿಲವಾಗಿ ವಿಷಾಣುವಿನ ಆಡಳಿತವು ಬಲವಾಗುತ್ತದೆ.

ಕಾವಲು ಮುರಿದ ಮೇಲೆ ವಿಷಾಣುವು ಹುಳುವಿನ ನಡತೆಯನ್ನೂ ತನ್ನ ಇಚ್ಛೆಗೆ ತಿರುಗಿಸಿಕೊಳ್ಳುತ್ತದೆ. ಪೊರೆ ಕಳಚಲು ಬೇಕಾದ ದೇಹರಸವನ್ನು ನಿಷ್ಫಲಗೊಳಿಸುವ ಕಿಣ್ವವೊಂದು ಈ ಜಾತಿಯ ವಿಷಾಣುಗಳಲ್ಲಿರುವುದು 1989ರಲ್ಲಿ ತಿಳಿದುಬಂದಿತು. ರೋಗದ ಹುಳುವು ಜ್ವರಕ್ಕೆ ಕೂರದಿರುವ ಗುಟ್ಟು ಇದರಿಂದ ತಿಳಿಯುತ್ತದೆ. ರೇಷ್ಮೆ ಹುಳುವಿನ ವಿಷಾಣುವಿನಲ್ಲಿರುವ ಮತ್ತೊಂದು ವಂಶವಾಹಿಯು ಹುಳುವನ್ನು ನಿಲ್ಲಗೊಡದೆ ಅಲೆಸುವುದು 2005ರಲ್ಲಿ ಪ್ರಕಟವಾಯಿತು. ತಟ್ಟೆಯ ಅಂಚಿನಲ್ಲಿ ಸುತ್ತುವ ಹುಳುವು ತನ್ನ ಸುಖಕ್ಕಾಗಿ ಸುತ್ತುತ್ತಿಲ್ಲ. ತನ್ನ ಮೈಯಲ್ಲಿರುವ ಹರಳುಗಳನ್ನು ಹೊಸ ಹುಳುಗಳ ಬಳಿಗೆ ಹೊತ್ತೊಯ್ಯುತ್ತಿದೆ. ಕಡೆಗೆ ವಿಷಾಣುವಿನ ಕಿಣ್ವಗಳೇ ಹುಳುವಿನ ಮಾಂಸವನ್ನೂ ಚರ್ಮವನ್ನೂ ಕರಗಿಸಿ ರಸವನ್ನು ಹೊರಕ್ಕೆ ಹರಿಸುತ್ತವೆ.

ಔಷಧಿಯು ಫಲಿಸದಿರುವ ಕಾರಣ

ಮೇಲೆ ಹೇಳಿದುದರಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ರೋಗದ ಗುರುತು ಕಾಣುವ ವೇಳೆಗೆ ಹುಳುವಿನ ಕಾವಲುಗಳೆಲ್ಲವೂ ಮುರಿದಿರುವುದರಿಂದ, ಹೊರಗಿನ ಔಷಧಿಗೆ ಒಳಗೆ ಸಹಾಯಕರಿರುವುದಿಲ್ಲ, ಇದು ಮೊದಲನೆಯದು. ಸೊಪ್ಪಿಗೆ ಬೂದಿ, ಮಜ್ಜಿಗೆ, ಅಂಗಡಿಯ ಪುಡಿಗಳನ್ನು ಸಿಂಪಡಿಸಿ ರೋಗದ ಹುಳುವನ್ನು ಬದುಕಿಸಲು ಯತ್ನಿಸುವುದು ಹಣವನ್ನೂ, ಅದಕ್ಕಿಂತ ಬೆಲೆಯುಳ್ಳ ಸಮಯವನ್ನೂ ಹಾಳುಮಾಡುವುದಾಗಿದೆ. ಎರಡನೆಯದು, ಎಳೆಯ ಹುಳುವಿಗೂ, ಹಸಿವು, ಸೆಕೆ, ಕೆಟ್ಟ ಸೊಪ್ಪು, ಇಕ್ಕಟ್ಟುಗಳಿಂದ ಕುಗ್ಗಿದ ಹುಳುವಿಗೂ ಸ್ವಲ್ಪವೇ ವಿಷಾಣು ಸಾಕು. ಚೆನ್ನಾಗಿ ಉಂಡ ದೊಡ್ಡ ಹುಳುವನ್ನು ಗೆಲ್ಲಲು ಬಹಳ ಬೇಕು. ಮೂರನೆಯದು, ಹೊರಗಿರುವ ಹರಳನ್ನು ನಾಶಮಾಡುವುದು ಮನುಷ್ಯನ ಕೈಯಲ್ಲಿದೆ. ಒಳಹೊಕ್ಕದ್ದನ್ನು ನಾಶಮಾಡುವುದು ಇಲ್ಲ.

ಗಂಟು ರೋಗವನ್ನು ತಡೆಯಲು ತಾಯಿ ಚಿಟ್ಟೆಯನ್ನು ಪರೀಕ್ಷಿಸುವ ಕ್ರಮವನ್ನು ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ 1865ರಿಂದ 1870ರವರೆಗೆ ನಡೆಸಿದ ಪರಿಶೋಧನೆಗಳಿಂದ ಸ್ಥಾಪಿಸಿದನು. ಆದರೆ ಪರೀಕ್ಷಿತ ಮೊಟ್ಟೆಯನ್ನು ತಂದ ಮಾತ್ರಕ್ಕೆ ಹಾಲುತೊಂಡೆಯ ಭಯವು ತಪ್ಪಿತೆಂದು ಭಾವಿಸಕೂಡದು. ಹಾಲುತೊಂಡೆಯು ಬಹಳ ಮಟ್ಟಿಗೆ ಸಾಕುವ ಮನೆಯಲ್ಲಿಯೇ ಕಾದಿರುತ್ತದೆ.

ರೈತರು ನಡೆಸತಕ್ಕ ಕ್ರಮಗಳು

1. ಒಂದು ಬೆಳೆಯು ಮುಗಿದ ಕೂಡಲೇ, ಮುಂದಿನ ಬೆಳೆಯ ವರೆಗೆ ಕಾಯದೆ, ಮನೆಯ ಕಸವನ್ನು ತೆಗೆದು, ನೆಲ, ತಟ್ಟೆ, ಚಂದ್ರಿಕೆಗಳನ್ನು ನೀರಿನಿಂದ ತೊಳೆಯಬೇಕು. ಕೊಳೆಯ ಕೆಳಗೆ ಅಡಗಿದ ಹರಳಿಗೆ ಯಾವ ಔಷಧಿಯೂ ಮುಟ್ಟದು.

2. ತೊಳೆದ ತರುವಾಯ 100 ಲೀಟರ್ ನೀರಿಗೆ 2 ಕಿಲೋಗ್ರಾಂ ಹೊಸ ಬ್ಲೀಚಿಂಗ್ ಪುಡಿ, 300 ಗ್ರಾಂ ಅರಳಿದ ಸುಣ್ಣ ಇವನ್ನು ಕಲಸಿ, ಗೋಡೆ, ನೆಲ, ಸೂರು, ಸಾಮಾನುಗಳೆಲ್ಲವೂ ತೊಯ್ಯುವಂತೆ ಸಿಂಪಡಿಸಬೇಕು. ಸುಣ್ಣದ ಕ್ಷಾರವು, ಹುಳುವಿನ ಕರುಳು ಮಾಡುವ ಕೆಲಸವನ್ನೇ ಮನೆಯ ನೆಲದಲ್ಲಿ ಮಾಡಿ ಹರಳನ್ನು ಕರಗಿಸುತ್ತದೆ. ಹೊರಬಿದ್ದ ವಿಷಾಣುವನ್ನು ಬ್ಲೀಚಿಂಗ್ ಪುಡಿಯ ಕ್ಲೋರಿನ್ ಕೊಲ್ಲುತ್ತದೆ. ಎರಡರಲ್ಲಿ ಒಂದನ್ನು ಬಿಟ್ಟರೂ ಕೆಲಸವು ಅರ್ಧವಾಗುವುದು. ಹಳೆಯ, ಘಾಟು ಹೋದ ಪುಡಿಯಿಂದ ಪ್ರಯೋಜನವಿಲ್ಲ. ಸಿಂಪಡಿಸುವವನು ಮೂಗು, ಬಾಯಿ, ಕಣ್ಣುಗಳನ್ನು ಕಾಪಾಡಿಕೊಳ್ಳತಕ್ಕದ್ದು. ಹುಳು ತರುವ ಕೆಲವು ದಿವಸಗಳ ಮುಂಚೆ ಈ ಕೆಲಸವನ್ನು ಇನ್ನೊಮ್ಮೆ ಮಾಡಬೇಕು.

3. ಚಾಕಿ ಹುಳುವನ್ನು ದೊಡ್ಡ ಹುಳುವಿನ ಮನೆಯಲ್ಲಿ ಇಡಕೂಡದು. ದೊಡ್ಡ ಹುಳುವಿನ ಕಸ ತೆಗೆದ ಕೈಯಿಂದ ಚಾಕಿಗೆ ಸೊಪ್ಪು ಹಾಕಕೂಡದು. ಬಾಗಿಲಲ್ಲಿ ಕೈಕಾಲು ತೊಳೆಯುವ ಏರ್ಪಾಡಿರಬೇಕು.

4. ಪ್ರತಿಯೊಂದು ಜ್ವರ ಕಳೆದ ಮೇಲೆ, ಸೊಪ್ಪು ಕೊಡುವ ಅರ್ಧ ಗಂಟೆಗೆ ಮುಂಚೆಯೂ, ಐದನೆಯ ಹಂತದ ನಾಲ್ಕನೆಯ ದಿವಸವೂ, ಮೈಸೂರಿನ ಸಂಸ್ಥೆಯು ರೂಪಿಸಿದ ‘ವಿಜೇತ’ ಎಂಬ ಹಾಸಿಗೆ ಪುಡಿಯನ್ನು ಹುಳುಗಳ ಮೇಲೆ ತೆಳುವಾಗಿ ಉದುರಿಸಬೇಕು. ಜ್ವರಕ್ಕೆ ಕೂತ ಹುಳುವಿನ ಮೇಲೂ, ಸೊಪ್ಪು ತಿನ್ನುತ್ತಿರುವ ಹುಳುವಿನ ಮೇಲೂ ಉದುರಿಸಕೂಡದು. ಈ ಪುಡಿಯು ರೋಗದ ಹುಳುವನ್ನು ಗುಣಪಡಿಸುವುದಿಲ್ಲ. ರೋಗವು ಪಕ್ಕದ ಹುಳುವಿಗೆ ದಾಟುವುದನ್ನು ತಡೆಯುತ್ತದೆ.

5. ರೋಗದ ಹುಳುವನ್ನು ಕಂಡೊಡನೆ, ಚರ್ಮವು ಒಡೆಯುವ ಮುಂಚೆಯೇ, ಕಡ್ಡಿಗಳಿಂದ ಎತ್ತಿ, ಸುಣ್ಣವೂ ಬ್ಲೀಚಿಂಗ್ ಪುಡಿಯೂ ಕಲಸಿದ ನೀರಿನ ಪಾತ್ರೆಗೆ ಹಾಕಿ, ಆಮೇಲೆ ಆಳವಾಗಿ ಹೂಳಬೇಕು. ಕೋಳಿಗೆ ಹಾಕಕೂಡದು, ಹಕ್ಕಿಯ ಹೊಟ್ಟೆಯಲ್ಲಿ ಹರಳು ಕರಗದೆ ಹಿಕ್ಕೆಯೊಡನೆ ತೋಟಕ್ಕೆ ಬೀಳುತ್ತದೆ.

6. ಹುಳುವಿನ ಕಸವನ್ನು ಹಸಿಯಾಗಿ ಹಿಪ್ಪುನೇರಳೆ ತೋಟಕ್ಕೆ ಹಾಕದೆ, ಗುಂಡಿಯಲ್ಲಿ ಮಾಗಿಸಿ ಬಳಸಬೇಕು.

7. ಹುಳುವಿಗೆ ಆಯಾ ಹಂತಕ್ಕೆ ತಕ್ಕ ಸೊಪ್ಪು, ತಕ್ಕಷ್ಟು ಜಾಗ, ಗಾಳಿ ಇರಬೇಕು. ಚಾಕಿಗೆ 26ರಿಂದ 28 ಡಿಗ್ರಿ, ದೊಡ್ಡ ಹುಳುವಿಗೆ ಸುಮಾರು 24–25 ಡಿಗ್ರಿ ಸೆಂಟಿಗ್ರೇಡಿನ ಹವೆಯು ಹಿತಕರ. ಬೇಸಿಗೆಯಲ್ಲಿ ಛಾವಣಿಯನ್ನು ತಂಪಾಗಿರಿಸುವುದು ರೋಗವನ್ನು ತಡೆಯುವ ಕೆಲಸವೆಂದೇ ತಿಳಿಯತಕ್ಕದ್ದು.

ಹೈದರಾಬಾದಿನ ಮೇಲ್ಕಂಡ ಕೇಂದ್ರದವರು, ವಿಷಾಣುವಿನ ಬರಹವನ್ನು ಕತ್ತರಿಸುವ ಶಕ್ತಿಯನ್ನು ಹುಳುವಿನ ವಂಶದಲ್ಲಿಯೇ ಸೇರಿಸಿ ಗಟ್ಟಿಯಾದ ಹುಳುಗಳನ್ನು ಪಡೆದುದನ್ನು 2013ರಲ್ಲಿ ಪ್ರಕಟಿಸಿದರು. ಇದು ಭರವಸೆಯ ಮಾತು. ಆದರೆ ತಳಿಯು ಎಷ್ಟೇ ಗಟ್ಟಿಯಾದರೂ ಶುಚಿತ್ವದ ಸ್ಥಾನದಲ್ಲಿ ನಿಲ್ಲಲಾರದು.

ಇದೇ ಶಕ್ತಿಯು ಉಪಕಾರವಾಗುವ ಬಗೆ

ರೇಷ್ಮೆಯ ಮನೆಯಲ್ಲಿ ಶತ್ರುವಾದ ಈ ಕುಲದ ವಿಷಾಣುವೇ ಹೊಲದಲ್ಲಿ ಮಿತ್ರನಾಗುವುದೂ ಉಂಟು. ಕಲಬುರಗಿ ಸೀಮೆಯ ತೊಗರಿಯನ್ನು ಹಾಳುಮಾಡುವ ಕಾಯಿಕೊರಕಕ್ಕೆ ಅದರದ್ದೇ ಆದ ವಿಷಾಣುವೊಂದಿದೆ. ರೋಗದ 250 ಹುಳುಗಳಿಂದ ತೆಗೆದಷ್ಟು ವಿಷಾಣುವನ್ನು ಒಂದು ಹೆಕ್ಟೇರಿಗೆ, ಹುಳುಗಳು ಚಿಕ್ಕವಾಗಿರುವಾಗಲೇ, ಸಂಜೆಯ ಹೊತ್ತಿನಲ್ಲಿ ಸಿಂಪಡಿಸುವ ಕ್ರಮವಿದೆ. ಸಂಜೆಯೇ ಏಕೆಂದರೆ ಬಿಸಿಲು ವಿಷಾಣುವನ್ನು ಕೆಡಿಸುತ್ತದೆ. ಈ ವಿಷಾಣುವು ರೇಷ್ಮೆ ಹುಳುವಿಗೆ ತಗಲುವುದಿಲ್ಲ.

ಅದೇ ಹೊಲದಲ್ಲಿ ಕ್ಯಾಂಪೊಲೆಟಿಸ್ ಎಂಬ ಸಣ್ಣ ಕಣಜವೂ ಇರುತ್ತದೆ. ಅದು ಕಾಯಿಕೊರಕದ ಮರಿಹುಳುವಿನ ಮೈಯೊಳಗೆ ಮೊಟ್ಟೆಯಿಡುತ್ತದೆ. ಹುಳುವಿನ ರಕ್ತಕೋಶಗಳು ಆ ಮೊಟ್ಟೆಯನ್ನು ಸುತ್ತುಗಟ್ಟಿ ಕೊಲ್ಲಬೇಕಾಗಿತ್ತು. ಆದರೆ ಈ ಕುಲದ ಕಣಜವು ತನ್ನ ಅಂಡಾಶಯದಲ್ಲಿ ತಯಾರಾದ ವಿಷಾಣುವನ್ನು ಮೊಟ್ಟೆಯೊಡನೆಯೇ ಚುಚ್ಚಿ ಆ ಕೋಶಗಳನ್ನು ಅಡಗಿಸುತ್ತದೆಂಬುದು 1981ರಲ್ಲಿ ಅಮೆರಿಕಾದಲ್ಲಿ ಸಿದ್ಧವಾಯಿತು. ಕಂಡ ಹುಳುವಿಗೆಲ್ಲ ಕಡುವಿಷವನ್ನು ಸಿಂಪಡಿಸುವ ರೈತನು ಕೂಲಿ ಬೇಡದೆ ದುಡಿಯುವ ಈ ಸಹಾಯಕನನ್ನೂ ಕೊಲ್ಲುತ್ತಾನೆ.

ಊರಿನ ಮುಖಂಡರ ಹೊಣೆ

ಹಾಲುತೊಂಡೆಯು ಒಬ್ಬನ ಮನೆಯ ರೋಗವಲ್ಲ. ಒಬ್ಬನು ತನ್ನ ರೋಗದ ತಟ್ಟೆಗಳನ್ನು ಊರ ಕೆರೆಯಲ್ಲಿ ತೊಳೆದರೆ, ಸತ್ತ ಹುಳುವನ್ನು ದಾರಿಯ ಬದಿಯ ತಿಪ್ಪೆಗೆ ಎಸೆದರೆ, ನೆರೆಯವನ ಸಾಲವೂ ಬೆಳೆಯುತ್ತದೆ. ಆದಕಾರಣ ಊರಿನ ಹಿರಿಯರು ತಟ್ಟೆಗಳನ್ನು ಕೆರೆಯಲ್ಲಿ ತೊಳೆಯದಂತೆ ಕಟ್ಟು ಮಾಡುವುದೂ, ರೋಗದ ಹುಳು ಹೂಳಲು ತೋಟಗಳಿಂದ ದೂರವಾದ ಗುಂಡಿಯೊಂದನ್ನು ಗೊತ್ತುಪಡಿಸುವುದೂ, ಒಂದು ಬೀದಿಯವರೆಲ್ಲರೂ ಒಂದೇ ವಾರದಲ್ಲಿ ಮನೆಗಳನ್ನು ಶುಚಿಮಾಡುವಂತೆ ಏರ್ಪಡಿಸುವುದೂ ಯುಕ್ತವಾದದ್ದು. ರೋಗ ಬಂದ ಮನೆಯವನು ಅದನ್ನು ಅವಮಾನವೆಂದು ಮುಚ್ಚಿಡದೆ ಮೊದಲ ದಿವಸವೇ ತಿಳಿಸುವಂಥ ವಿಶ್ವಾಸವನ್ನು ಊರಿನಲ್ಲಿ ಬೆಳಸುವುದು ಇವೆಲ್ಲಕ್ಕಿಂತ ಮುಖ್ಯವಾದದ್ದು. ಹುಳುವಿನ ಮೈಯೊಳಗಿನ ಕಾವಲು ಮುರಿದ ಮೇಲೆ ಮಾಡತಕ್ಕದ್ದು ಏನೂ ಉಳಿಯುವುದಿಲ್ಲ. ಅದಕ್ಕೆ ಮುಂಚಿನ ಕಾವಲು ಹುಳುವಿನದಲ್ಲ, ಸಾಕುವವನದು.